ಗೇಮಿಂಗ್ ಪಿಸಿಗೆ ಕ್ಯಾಬಿನೆಟ್: ಫ್ಯಾನ್ ಎಣಿಸುವ ಮುಂಚೆ ಗಾಳಿಯ ದಾರಿ ನೋಡಿ

ಪಿಸಿ ಕಟ್ಟುವಾಗ ಕ್ಯಾಬಿನೆಟ್‌ನ, ಅಂದರೆ ಭಾಗಗಳನ್ನೆಲ್ಲ ಕೂರಿಸುವ ಪೆಟ್ಟಿಗೆಯ, ಸರದಿ ಬರುವುದು ಕೊನೆಗೆ. ಗ್ರಾಫಿಕ್ಸ್ ಕಾರ್ಡ್ ಯಾವುದು, ಪ್ರೊಸೆಸರ್ ಯಾವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡಿರುತ್ತೇವೆ, ಕ್ಯಾಬಿನೆಟ್ ಮಾತ್ರ ಫೋಟೋ ನೋಡಿ ಹತ್ತು ನಿಮಿಷದಲ್ಲಿ ಆರಿಸಿಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಮುಂದೆ ಪೂರ್ತಿ ಗಾಜು, ಗಾಜಿನ ಹಿಂದೆ ಬಣ್ಣಬಣ್ಣದ ಲೈಟಿನ ಮೂರು ಫ್ಯಾನ್, ನೋಡೋಕೆ ಬಹಳ ಚೆನ್ನಾಗಿತ್ತು. ಗೇಮ್ ಶುರು ಮಾಡಿ ಇಪ್ಪತ್ತು ನಿಮಿಷಕ್ಕೆ ಗ್ರಾಫಿಕ್ಸ್ ಕಾರ್ಡ್ 84 ಡಿಗ್ರಿ ಮುಟ್ಟುತ್ತಿತ್ತು. ಅದರ ಫ್ಯಾನ್ ಸದ್ದು ಹೆಡ್‌ಫೋನ್ ಹಾಕಿಕೊಂಡರೂ ಕೇಳುತ್ತಿತ್ತು. ಇನ್ನೆರಡು ಫ್ಯಾನ್ ತರಿಸಿ ಮೇಲ್ಗಡೆ ಹಾಕಿದೆ, ಹೇಳಿಕೊಳ್ಳುವಂಥ ಬದಲಾವಣೆ ಏನೂ ಆಗಲಿಲ್ಲ. ಒಂದು ದಿನ ಧೂಳು ಒರೆಸೋಣ ಅಂತ ಮುಂದಿನ ಗಾಜು ಬಿಚ್ಚಿದೆ, ವಾಪಸ್ ಹಾಕದೆ ಹಾಗೇ ಆಡಲು ಕೂತೆ. ಅದೇ ಗೇಮ್, ಅದೇ ಲೆವೆಲ್, ಅದೇ ಕೋಣೆ. 75 ಡಿಗ್ರಿ!

ಫ್ಯಾನ್‌ಗಳಲ್ಲಿ ದೋಷವೇ ಇರಲಿಲ್ಲ. ಅವಕ್ಕೆ ಎಳೆಯೋಕೆ ಗಾಳಿಯೇ ಸಿಗುತ್ತಿರಲಿಲ್ಲ. ಮೂಗು ಮುಚ್ಚಿಕೊಂಡು ಓಡಿದ ಹಾಗೆ.

ಕ್ಯಾಬಿನೆಟ್ ತಾನಾಗಿ ಏನನ್ನೂ ತಂಪು ಮಾಡುವುದಿಲ್ಲ, ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ತಂಪು ಮಾಡುವುದು ಕೋಣೆಯ ಗಾಳಿ. ಆ ಗಾಳಿ ಒಳಗೆ ಬಂದು, ಬಿಸಿಯಾದ ಭಾಗಗಳನ್ನು ಮುಟ್ಟಿ, ಹೊರಗೆ ಹೋಗಬೇಕು. ಆ ದಾರಿಯನ್ನು ತೆರೆದಿಡುವುದಷ್ಟೇ ಕ್ಯಾಬಿನೆಟ್‌ನ ಕೆಲಸ. ದಾರಿ ಸರಿಯಿದ್ದರೆ ಎರಡು ಫ್ಯಾನ್ ಸಾಕಾಗಬಹುದು, ದಾರಿ ಮುಚ್ಚಿದ್ದರೆ ಒಂಬತ್ತು ಹಾಕಿದರೂ ಸಾಲದು.

ಎಷ್ಟು ಗಾಳಿ ಬೇಕು ಅನ್ನುವುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಪಿಸಿ ಎಳೆದುಕೊಳ್ಳುವ ಕರೆಂಟ್ ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಬರುತ್ತದೆ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿನ ಲೆಕ್ಕ 115 ವ್ಯಾಟ್. ಆರ್‌ಟಿಎಕ್ಸ್ 4070 ಆದರೆ 200, 4090 ಆದರೆ 450, 5090 ಆದರೆ 575. ಇಂಟೆಲ್ ಕೋರ್ ಐ9 14900ಕೆ ಪ್ರೊಸೆಸರ್ ಪೂರ್ತಿ ಜೋರಿನಲ್ಲಿ 253 ವ್ಯಾಟ್‌ವರೆಗೆ ಹೋಗುತ್ತದೆ, ಗೇಮ್ ಆಡುವಾಗ ಅಷ್ಟು ಬೇಕಾಗುವುದು ಕಡಿಮೆ ಬಿಡಿ. ಒಟ್ಟು 500 ವ್ಯಾಟ್ ಬಿಸಿ ಅಂದುಕೊಳ್ಳಿ. ಒಳಗೆ ಬಂದ ಗಾಳಿ ಹೊರಗೆ ಹೋಗುವಷ್ಟರಲ್ಲಿ 10 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬಾರದು ಅಂದರೆ ಸೆಕೆಂಡಿಗೆ ಸುಮಾರು 42 ಲೀಟರ್ ಗಾಳಿ ಕ್ಯಾಬಿನೆಟ್ ಮೂಲಕ ಹಾದುಹೋಗಬೇಕು. ಪ್ರತಿ ಸೆಕೆಂಡಿಗೆ ಎರಡು ದೊಡ್ಡ ಬಕೆಟ್ ತುಂಬುವಷ್ಟು! ಫ್ಯಾನ್ ಡಬ್ಬಿಯ ಮೇಲೆ ಬರೆಯುವ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನುವ ಲೆಕ್ಕದಲ್ಲಿ ಇದು 88ರ ಹತ್ತಿರ. ಗಾಳಿ ಅರ್ಧಕ್ಕಿಳಿದರೆ ಏರಿಕೆ 20 ಡಿಗ್ರಿ ಆಗುತ್ತದೆ. ಒಳಗಿನ ಗಾಳಿ ಎಷ್ಟು ಡಿಗ್ರಿ ಏರುತ್ತದೋ ಕಾರ್ಡೂ ಸುಮಾರು ಅಷ್ಟೇ ಏರುತ್ತದೆ, ಯಾಕಂದ್ರೆ ಅದು ಉಸಿರಾಡುವುದು ಅದೇ ಗಾಳಿಯನ್ನು.

88 ಸಿಎಫ್‌ಎಂ ಅಂದ್ರೆ ದೊಡ್ಡದೇನಲ್ಲ ಅನ್ನಿಸಬಹುದು. ಒಂದು ಒಳ್ಳೆಯ 120 ಮಿ.ಮೀ. ಫ್ಯಾನ್ ಡಬ್ಬಿಯ ಮೇಲೆ 55, 60 ಅಂತ ಇರುತ್ತದೆ, ಎರಡು ಹಾಕಿದರೆ ಮುಗೀತಲ್ವಾ? ಮುಗಿಯಲ್ಲ. ಆ ಅಂಕಿ ಫ್ಯಾನ್ ಎದುರು ಏನೂ ಅಡ್ಡ ಇಲ್ಲದಾಗ, ಪೂರ್ತಿ ವೇಗದಲ್ಲಿ ಸಿಗುವಂಥದ್ದು. ಮುಂದೆ ಒಂದು ಜಾಲರಿ, ಅದರ ಹಿಂದೆ ಧೂಳಿನ ಫಿಲ್ಟರ್, ಆಮೇಲೆ ಕೇಬಲ್ಲು, ಕಾರ್ಡು, ಹಿಂದೆ ಇನ್ನೊಂದು ಜಾಲರಿ. ಇಷ್ಟನ್ನೂ ದಾಟುವಾಗ ಗಾಳಿ ಸೋರಿ ಸೊರಗುತ್ತದೆ. ಮೇಲಾಗಿ ಫ್ಯಾನನ್ನು ಯಾರೂ ಪೂರ್ತಿ ವೇಗದಲ್ಲಿ ಓಡಿಸುವುದಿಲ್ಲ, ಸದ್ದು ತಡೆಯೋಕಾಗಲ್ಲ.

ಇನ್ನು ಆ ಗಾಜಿನ ಮುಖದ ವಿಷಯ. ಮುಂದೆ ಗಾಜಿರುವ ಕ್ಯಾಬಿನೆಟ್‌ಗಳಲ್ಲಿ ಗಾಳಿ ಬರಲಿ ಅಂತ ಎರಡೂ ಅಂಚಿನಲ್ಲಿ ಸೀಳು ಬಿಟ್ಟಿರುತ್ತಾರೆ. ಸ್ಕೇಲ್ ಹಿಡಿದು ಅಳೆದು ನೋಡಿ. 120 ಮಿ.ಮೀ. ಫ್ಯಾನ್‌ನ ನಡುವಿನ ಮೋಟಾರು ಬಿಟ್ಟರೆ ಗಾಳಿ ಹೋಗಲು ಉಳಿಯುವ ಜಾಗ ಸುಮಾರು 100 ಚದರ ಸೆಂ.ಮೀ. ಮೂರು ಫ್ಯಾನ್‌ಗೆ 300. ನನ್ನ ಹಳೇ ಕ್ಯಾಬಿನೆಟ್‌ನ ಸೀಳು ಒಂದೊಂದೂ 40 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ ಇತ್ತು. ಎರಡೂ ಸೇರಿ 80. ಅದರಲ್ಲೂ ಫಿಲ್ಟರ್ ಬೇರೆ. 300 ಬೇಕಾದ ಕಡೆ 80 ಕೊಟ್ಟರೆ ಫ್ಯಾನ್ ಏನು ಮಾಡೀತು? ಸುಮ್ನೆ ಇದ್ದ ಗಾಳಿಯನ್ನೇ ಕಡೆಯುತ್ತಾ ಸದ್ದು ಮಾಡುತ್ತದೆ, ಅಷ್ಟೇ.

ಇದು ತಯಾರಕರಿಗೆ ಗೊತ್ತಿಲ್ಲದ ವಿಷಯ ಅಲ್ಲ. ಕೋರ್ಸೇರ್ ಕಂಪನಿ 4000ಡಿ ಅನ್ನುವ ಕ್ಯಾಬಿನೆಟ್ಟನ್ನು ಎರಡು ಮುಖದಲ್ಲಿ ತಂದಿತು, ಒಂದಕ್ಕೆ ಮುಚ್ಚಿದ ಮುಖ, ಇನ್ನೊಂದಕ್ಕೆ ತೂತಿರುವ ಮುಖ. ಎರಡನೆಯದರ ಹೆಸರೇ 4000ಡಿ ಏರ್‌ಫ್ಲೋ. ಎನ್‌ಜೆಡ್‌ಎಕ್ಸ್‌ಟಿಯ ಎಚ್510 ಬಂದಾಗ ಮುಂದೆ ಗಟ್ಟಿ ತಗಡು ಇತ್ತು, ಆಮೇಲೆ ತೂತಿನ ಮುಖ ಹೊತ್ತು ಎಚ್510 ಫ್ಲೋ ಬಂತು. ಹಾಗಾಗಿ ಒಂದೇ ಮಾಡೆಲ್‌ಗೆ ಎರಡು ರೂಪ ಇದ್ದರೆ ಹೆಸರಿನ ಕೊನೆಯಲ್ಲಿ ಮೆಶ್ (ಜಾಲರಿ), ಏರ್‌ಫ್ಲೋ, ಫ್ಲೋ ಅಂತ ಏನಿದೆ ನೋಡಿ. ಆರ್ಡರ್ ಮಾಡುವ ಆತುರದಲ್ಲಿ ಇದನ್ನು ತಪ್ಪಿಸಿಕೊಳ್ಳುವುದು ಬಹಳ ಸುಲಭ.

ಜಾಲರಿ ಅಂದ ತಕ್ಷಣ ಎಲ್ಲವೂ ಒಳ್ಳೆಯದು ಅಂತಲೂ ಅಲ್ಲ. ಕೆಲವು ಜಾಲರಿಗಳಲ್ಲಿ ತೂತು ಚಿಕ್ಕವು, ತೂತುಗಳ ನಡುವಿನ ತಗಡೇ ಜಾಸ್ತಿ, ಸಾಲದ್ದಕ್ಕೆ ಅದರ ಹಿಂದೆ ಒತ್ತಾದ ನೈಲಾನ್ ಫಿಲ್ಟರ್. ಕೈಗೆ ಸಿಕ್ಕರೆ ಮುಖವನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಆಚೆ ಬದಿ ಸಲೀಸಾಗಿ ಕಾಣಬೇಕು. ಇನ್ನೊಂದು ಪರೀಕ್ಷೆ ನನಗೆ ಇದಕ್ಕಿಂತಲೂ ಇಷ್ಟ: ಜಾಲರಿಯ ಒಂದು ಬದಿ ಅಂಗೈ ಇಟ್ಟು, ಇನ್ನೊಂದು ಬದಿಯಿಂದ ಬಾಯಲ್ಲಿ ಮೆಲ್ಲಗೆ ಊದಿ. ಉಸಿರು ಅಂಗೈಗೆ ತಾಗಿದರೆ ಸರಿ, ವಾಪಸ್ ನಿಮ್ಮ ಮುಖಕ್ಕೇ ಬಂದರೆ ಬೇಡ. ಫೋಟೋದಲ್ಲೇ ನೋಡಿ ಕೊಳ್ಳಬೇಕಾದರೆ ಲೈಟ್ ಹೊತ್ತಿರುವ ಫೋಟೋ ಬಿಟ್ಟು ಲೈಟ್ ಇಲ್ಲದ, ಮುಂದಿನಿಂದ ನೇರವಾಗಿ ತೆಗೆದ ಫೋಟೋ ಹುಡುಕಿ, ಹಿಂದಿನ ಫ್ಯಾನ್‌ನ ರೆಕ್ಕೆ ಕಾಣುತ್ತಾ ಅಂತ ನೋಡಿ. ಫ್ಯಾಂಟೆಕ್ಸ್ ಪಿ400ಎ ಕ್ಯಾಬಿನೆಟ್‌ನಲ್ಲಿ ಸಣ್ಣ ಕಣ್ಣಿನ ಜಾಲರಿಯೇ ಫಿಲ್ಟರ್ ಕೆಲಸವನ್ನೂ ಮಾಡುತ್ತಿತ್ತು, ಎರಡು ಪದರ ಯಾಕೆ ಬೇಕು ಅಂತ. ನನಗೆ ಆ ಯೋಚನೆ ಬಹಳ ಹಿಡಿಸಿತು. ಇನ್ನು ಜಾಲರಿಯ ಮುಖ ಚೆಂದ ಕಾಣಲ್ಲ ಅನ್ನುವವರು ಫ್ರ್ಯಾಕ್ಟಲ್ ಡಿಸೈನ್‌ನ ನಾರ್ತ್ ನೋಡಬೇಕು. ಮುಂದೆ ಮರದ ಪಟ್ಟಿಗಳು, ಪಟ್ಟಿಗಳ ನಡುವೆ ಗಾಳಿಗೆ ದಾರಿ. ಅಂದವೂ ಇದೆ, ಉಸಿರೂ ಆಡುತ್ತದೆ.

ಮುಖ ಸರಿಯಾಯಿತು ಅಂದ್ಕೊಳ್ಳಿ. ಬಂದ ಗಾಳಿ ಎಲ್ಲಿಗೆ ಹೋಗಬೇಕು? ಗೇಮಿಂಗ್ ಪಿಸಿಯಲ್ಲಿ ಮೊದಲ ಹಕ್ಕು ಗ್ರಾಫಿಕ್ಸ್ ಕಾರ್ಡಿನದು, ಯಾಕಂದ್ರೆ ಜಾಸ್ತಿ ಬಿಸಿ ಹುಟ್ಟುವುದು ಅಲ್ಲೇ. ಈಗಿನ ಬಹುತೇಕ ಕಾರ್ಡ್‌ಗಳು ಕೆಳಗಿನಿಂದ ಗಾಳಿ ಎಳೆದುಕೊಂಡು ಬಿಸಿಯನ್ನು ಕ್ಯಾಬಿನೆಟ್ ಒಳಗೇ ಬಿಡುತ್ತವೆ. ಅಂದರೆ ಕಾರ್ಡ್ ಬಿಟ್ಟ ಬಿಸಿಗಾಳಿಯನ್ನು ಬೇಗ ಹೊರಗೆ ಸಾಗಿಸದಿದ್ದರೆ ಅದು ಸುತ್ತಿ ಬಂದು ಅದೇ ಕಾರ್ಡಿನ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ಮುಂದಿನ ಫ್ಯಾನ್‌ಗಳಲ್ಲಿ ಒಂದಾದರೂ ಕಾರ್ಡಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಕ್ಕೆ ಇರಬೇಕು. ಎಲ್ಲಾ ಭಾಗಗಳಿಗೂ ಕರೆಂಟ್ ಕೊಡುವ ಪವರ್ ಸಪ್ಲೈಯನ್ನು ಮುಚ್ಚುವ ಆ ಕೆಳಗಿನ ತಗಡು ಇದೆಯಲ್ಲ, ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಮುಂದಿನ ಕೆಳ ಫ್ಯಾನ್‌ನ ಅರ್ಧ ಗಾಳಿ ಅದರೊಳಗೆ ಹೋಗಿ ವ್ಯರ್ಥವಾಗುತ್ತದೆ. ತಗಡಿನ ಮೇಲೆ ತೂತುಗಳಿದ್ದರೆ ಪರವಾಗಿಲ್ಲ, ಪೂರ್ತಿ ಮುಚ್ಚಿದ್ದರೆ ಆ ಫ್ಯಾನನ್ನು ಒಂದು ಮಟ್ಟ ಮೇಲಕ್ಕೆ ಏರಿಸಿ ಕೂರಿಸಬಹುದಾ ಅಂತ ನೋಡಿಕೊಳ್ಳಿ.

ಫ್ರ್ಯಾಕ್ಟಲ್ ಡಿಸೈನ್ 2021ರಲ್ಲಿ ತಂದ ಟೊರೆಂಟ್ ಈ ವಿಷಯದಲ್ಲಿ ಒಂದು ಪಾಠದ ಹಾಗಿದೆ. ಅದರಲ್ಲಿ ಪವರ್ ಸಪ್ಲೈಯನ್ನು ತೆಗೆದು ಮೇಲಕ್ಕೆ ಇಟ್ಟರು. ಕೆಳಗಿನ ಜಾಗ ಪೂರ್ತಿ ಖಾಲಿಯಾಯಿತು, ಅಲ್ಲಿ ಮೂರು 140 ಮಿ.ಮೀ. ಫ್ಯಾನ್, ಮುಂದೆ ಎರಡು 180 ಮಿ.ಮೀ. ಫ್ಯಾನ್. ಐದೂ ಗಾಳಿಯನ್ನು ಒಳಗೆ ತರುವಂಥವು. ಹೊರಗೆ ಹಾಕಲು ಅಂತ ಒಂದು ಫ್ಯಾನನ್ನೂ ಜೊತೆಗೆ ಕೊಡಲಿಲ್ಲ. ಒಳಗೆ ಬಂದ ಗಾಳಿ ಹಿಂದಿನ ತೂತುಗಳಿಂದ ತಾನಾಗಿ ಹೊರಗೆ ಹೋಗಲೇಬೇಕಲ್ವಾ? ಕಾರ್ಡಿನ ಹೊಟ್ಟೆಗೆ ಕೆಳಗಿನಿಂದ ನೇರವಾಗಿ ತಣ್ಣನೆಯ ಗಾಳಿ.

ಈಗ ಎರಡು ಬದಿ ಗಾಜಿರುವ, ಮುಂದೆ ಫ್ಯಾನೇ ಇಲ್ಲದ ಮೀನಿನ ತೊಟ್ಟಿಯಂಥ ಕ್ಯಾಬಿನೆಟ್‌ಗಳು ಬಹಳ ಓಡುತ್ತಿವೆ. ಅವನ್ನು ಕೆಟ್ಟವು ಅಂತ ನಾನು ಹೇಳಲ್ಲ. ಅವುಗಳ ಮೂಗು ಬೇರೆ ಕಡೆ ಇದೆ, ಅಷ್ಟೇ: ತಳದಲ್ಲಿ ಮತ್ತು ಪಕ್ಕದಲ್ಲಿ. ತಳದಲ್ಲಿ ಮೂರು ಫ್ಯಾನ್ ಹಾಕಿದರೆ ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿ ತಂಪಾಗುತ್ತದೆ. ತೊಂದರೆ ಏನಂದ್ರೆ ಎಷ್ಟೋ ಬಾರಿ ಆ ಫ್ಯಾನ್‌ಗಳನ್ನು ಬೇರೆಯಾಗಿ ಕೊಳ್ಳಬೇಕು. ತಳವನ್ನು ಖಾಲಿ ಬಿಟ್ಟು ಓಡಿಸಿದರೆ ಕಾರ್ಡ್ ಒದ್ದಾಡುತ್ತದೆ. ಇಂಥದ್ದನ್ನು ಕೊಂಡರೆ ಫ್ಯಾನ್‌ಗಳ ಖರ್ಚನ್ನೂ ಕ್ಯಾಬಿನೆಟ್ ಲೆಕ್ಕಕ್ಕೇ ಸೇರಿಸಿ, ಕ್ಯಾಬಿನೆಟ್ಟನ್ನು ದಪ್ಪ ಕಾರ್ಪೆಟ್ ಮೇಲೆ ಇಡಬೇಡಿ, ಮೂಗು ನೆಲಕ್ಕೇ ಅಂಟಿಕೊಳ್ಳುತ್ತದೆ. ಕಾರ್ಡನ್ನು ನಿಲ್ಲಿಸಿ ಕೂರಿಸುವವರಿಗೂ ಇದೇ ಮಾತು. ಕಾರ್ಡಿನ ಫ್ಯಾನ್‌ಗೂ ಪಕ್ಕದ ಗಾಜಿಗೂ ನಡುವೆ ಒಂದು ಬೆರಳಿನಷ್ಟು ಸಂದಿ ಇದ್ದರೆ ಸಾಲದು.

ಫ್ಯಾನ್‌ಗಳ ಜೋಡಣೆಗೆ ಬರೋಣ. ಸಾಮಾನ್ಯ ಕ್ಯಾಬಿನೆಟ್‌ಗೆ ಮುಂದೆ ಎರಡೋ ಮೂರೋ ಒಳಗೆ ತರಲು, ಹಿಂದೆ ಒಂದು ಹೊರಗೆ ಹಾಕಲು. ನನ್ನ ಪ್ರಕಾರ ಬಹುತೇಕ ಜನರಿಗೆ ಇಷ್ಟೇ ಸಾಕು. ಇದಕ್ಕೂ ಮೇಲೆ ಹಾಕುವ ಪ್ರತಿ ಫ್ಯಾನ್‌ನಿಂದ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ಮೇಲ್ಗಡೆ ಒಂದು ಬೇಕೇ ಬೇಕು ಅಂದರೆ ಹಿಂಬದಿಯ ಜಾಗದಲ್ಲಿ, ಅಂದರೆ ಪ್ರೊಸೆಸರ್‌ನ ಮೇಲ್ಭಾಗಕ್ಕೆ ಹಾಕಿ. ಮುಂಬದಿಯಲ್ಲಿ ಹಾಕಿದರೆ ಈಗಷ್ಟೇ ಒಳಗೆ ಬಂದ ತಣ್ಣನೆಯ ಗಾಳಿ ಯಾವ ಭಾಗವನ್ನೂ ಮುಟ್ಟದೆ ಮೇಲಿಂದಲೇ ಹೊರಟುಹೋಗುತ್ತದೆ. ನಾನು ಸೇರಿಸಿದ ಆ ಎರಡು ಫ್ಯಾನ್‌ನಲ್ಲಿ ಒಂದು ಮಾಡುತ್ತಿದ್ದ ಕೆಲಸ ಅದೇ ಇರಬೇಕು.

"ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಆದ್ದರಿಂದ ಮೇಲೆ ಫ್ಯಾನ್ ಇರಲೇಬೇಕು" ಅನ್ನುವ ಮಾತು ಎಲ್ಲಾ ಕಡೆ ಕೇಳುತ್ತೀರಿ. ಬಿಸಿ ಗಾಳಿ ಮೇಲೇರುವುದು ನಿಜ. ಆದರೆ ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಆ ಏರಿಕೆಯ ಬಲ ಬಹಳ ಕಡಿಮೆ, ಒಂದು ನಿಧಾನದ ಫ್ಯಾನ್ ಕೂಡ ಅದನ್ನು ಸಲೀಸಾಗಿ ಮೀರಿಸುತ್ತದೆ. ಗಾಳಿ ಹೋಗುವುದು ಫ್ಯಾನ್ ತಳ್ಳಿದ ಕಡೆಗೆ.

ಫ್ಯಾನ್‌ನ ದಿಕ್ಕು ಮಾತ್ರ ತಪ್ಪಬಾರದು. ಒಂದು ಒಳಗೆ ಎಳೆದು, ಅದರ ಪಕ್ಕದ್ದೇ ಹೊರಗೆ ತಳ್ಳಿದರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆದ ಕಥೆ. ಸಾಮಾನ್ಯ ಫ್ಯಾನ್‌ನಲ್ಲಿ ಮೋಟಾರನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳು ಯಾವ ಬದಿಗಿವೆಯೋ ಆ ಬದಿಯಿಂದ ಗಾಳಿ ಹೊರಬರುತ್ತದೆ. ಈಗ ಅಂದಕ್ಕಾಗಿ ಉಲ್ಟಾ ರೆಕ್ಕೆಯ ಫ್ಯಾನ್‌ಗಳೂ ಬಂದಿವೆ, ಅವುಗಳಲ್ಲಿ ಇದು ತಿರುವುಮುರುವು. ಅನುಮಾನ ಬಂದರೆ ಒಂದು ತುಂಡು ಟಿಶ್ಯೂ ಪೇಪರ್ ಹಿಡಿಯಿರಿ. ಜಾಲರಿಗೆ ಅಂಟಿಕೊಂಡರೆ ಗಾಳಿ ಒಳಗೆ ಹೋಗುತ್ತಿದೆ, ಹಾರಿದರೆ ಹೊರಗೆ ಬರುತ್ತಿದೆ.

ಒಳಗೆ ತರುವುದು ಹೊರಗೆ ಹಾಕುವುದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಆಗ ಹೆಚ್ಚಿನ ಗಾಳಿ ಫಿಲ್ಟರ್ ಇರುವ ದಾರಿಯಿಂದಲೇ ಒಳಗೆ ಬಂದು ಉಳಿದ ಸಂದಿಗಳಿಂದ ಹೊರಗೆ ಹೋಗುತ್ತದೆ. ಹೊರಗೆ ಹಾಕುವುದೇ ಜಾಸ್ತಿಯಾದರೆ ಫಿಲ್ಟರ್ ಇಲ್ಲದ ಪ್ರತಿ ಸಂದಿಯೂ ಧೂಳು ಎಳೆದುಕೊಳ್ಳುವ ಬಾಯಾಗುತ್ತದೆ. ಫಿಲ್ಟರ್ ಸುಲಭವಾಗಿ ಬಿಚ್ಚಿ ತೊಳೆಯುವಂತಿದೆಯಾ ಅಂತಲೂ ಕೊಳ್ಳುವ ಮುಂಚೆಯೇ ನೋಡಿ. ನಾಲ್ಕು ಸ್ಕ್ರೂ ಬಿಚ್ಚಿ ತೆಗೆಯಬೇಕಾದ ಫಿಲ್ಟರನ್ನು ಯಾರೂ ತೊಳೆಯುವುದಿಲ್ಲ, ಮೂರ್ನಾಲ್ಕು ತಿಂಗಳಲ್ಲಿ ಅದೇ ಒಂದು ಗೋಡೆಯಾಗಿ ನಿಲ್ಲುತ್ತದೆ.

ಸದ್ದಿನ ವಿಷಯಕ್ಕೆ ಬಂದರೆ ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗುವುದು ಸಣ್ಣ ಫ್ಯಾನ್ ಜೋರಾಗಿ ತಿರುಗುವುದಕ್ಕಿಂತ ಯಾವತ್ತೂ ಮೇಲು. 140 ಮಿ.ಮೀ. ಫ್ಯಾನ್‌ನ ವಿಸ್ತೀರ್ಣ 120ರದಕ್ಕಿಂತ ಸುಮಾರು 36 ಶೇಕಡಾ ಜಾಸ್ತಿ. ಅಷ್ಟೇ ಗಾಳಿಯನ್ನು ಕಡಿಮೆ ಸುತ್ತಿನಲ್ಲಿ ತರುತ್ತದೆ. ಲಿಯಾನ್ ಲಿ ಲ್ಯಾನ್‌ಕೂಲ್ 216 ಮುಂದೆ ಎರಡು 160 ಮಿ.ಮೀ. ಫ್ಯಾನ್ ಕೊಟ್ಟಿದ್ದು ಇದಕ್ಕೇ. ಫ್ಯಾನ್‌ನ ವೇಗ ಅರ್ಧಕ್ಕಿಳಿಸಿದರೆ ಗಾಳಿ ಅರ್ಧ ಆಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್‌ನಷ್ಟು ಇಳಿಯುತ್ತದೆ, ಕಿವಿಗೆ ಅದು ಬಹಳ ದೊಡ್ಡ ವ್ಯತ್ಯಾಸ. ಜೊತೆಗೆ ಬರುವ ಫ್ಯಾನ್‌ಗಳ ವೈರು ನಾಲ್ಕು ಪಿನ್ನಿನದಾ ಅಂತ ಕೇಳಿ, ಮದರ್‌ಬೋರ್ಡ್‌ನಿಂದ ವೇಗ ಹಿಡಿತದಲ್ಲಿಡಬಹುದು. ಮೂರು ಪಿನ್ ಆದರೂ ನಡೆಯುತ್ತದೆ. ನೇರವಾಗಿ ಪವರ್ ಸಪ್ಲೈಗೆ ಸಿಕ್ಕಿಸಿ ಸದಾ ಒಂದೇ ವೇಗದಲ್ಲಿ ಅರಚುವ ಫ್ಯಾನ್ ಆದರೆ, ಲೈಟು ಎಷ್ಟೇ ಚೆನ್ನಾಗಿರಲಿ, ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆಗೇ ಸರಿ.

ಪ್ರೊಸೆಸರ್‌ಗೆ ನೀರಿನ ಕೂಲರ್ ಹಾಕುವವರಿಗೆ ಒಂದು ಗೊಂದಲ ಇದ್ದೇ ಇರುತ್ತದೆ, ನೀರಿನ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್ ಮುಂದಕ್ಕಾ ಮೇಲಕ್ಕಾ? ಮುಂದೆ ಹಾಕಿದರೆ ಪ್ರೊಸೆಸರ್‌ಗೆ ತಣ್ಣನೆಯ ಗಾಳಿ ಸಿಗುತ್ತದೆ, ಆದರೆ ಗ್ರಾಫಿಕ್ಸ್ ಕಾರ್ಡ್‌ಗೆ ಸಿಗುವುದು ರೇಡಿಯೇಟರ್ ದಾಟಿ ಬೆಚ್ಚಗಾದ ಗಾಳಿ. ಗೇಮ್ ಆಡೋಕೆ ಅಂತಲೇ ಕಟ್ಟಿದ ಪಿಸಿಯಾದರೆ ನಾನು ಮೇಲಕ್ಕೇ ಹಾಕುತ್ತೇನೆ. ಪ್ರೊಸೆಸರ್ ನಾಲ್ಕು ಡಿಗ್ರಿ ಜಾಸ್ತಿ ಬಿಸಿಯಾದರೆ ಆಗಲಿ, ಕಾರ್ಡ್ ತಣ್ಣಗಿರಲಿ. ಎಎಂಡಿಯ ರೈಜನ್ 7000 ಸಾಲಿನ ಹಲವು ಪ್ರೊಸೆಸರ್‌ಗಳನ್ನು 95 ಡಿಗ್ರಿಯಲ್ಲೂ ಓಡುವಂತೆಯೇ ಮಾಡಿದ್ದಾರೆ, ಆ ಅಂಕಿ ನೋಡಿ ಗಾಬರಿ ಬೀಳಬೇಕಾಗಿಲ್ಲ. ಎಲ್ಲಿ ಹಾಕಿದರೂ ನೀರು ತಳ್ಳುವ ಪಂಪ್ ಮಾತ್ರ ಇಡೀ ಸುತ್ತಿನ ಅತಿ ಎತ್ತರದ ಜಾಗದಲ್ಲಿ ಇರಬಾರದು, ಒಳಗಿನ ಗಾಳಿಗುಳ್ಳೆಗಳು ಬಂದು ಅಲ್ಲೇ ಕೂರುತ್ತವೆ.

ಅಳತೆಯಲ್ಲಿ ಎಡವುವವರೂ ಬಹಳ. ಕ್ಯಾಬಿನೆಟ್‌ನ ವಿವರದಲ್ಲಿ ಕಾರ್ಡಿಗೆ 360 ಮಿ.ಮೀ. ಜಾಗ ಅಂತ ಬರೆದಿರುತ್ತಾರೆ. ಮುಂದೆ ರೇಡಿಯೇಟರ್ ಹಾಕಿದರೆ ಅದರ ದಪ್ಪ ಸುಮಾರು 27, ಅದಕ್ಕೆ ಅಂಟುವ ಫ್ಯಾನ್ 25, ಒಟ್ಟು 52 ಕಳೆಯಬೇಕು. ಉಳಿಯುವುದು 308. ಎನ್‌ವಿಡಿಯಾ ತಾನೇ ಮಾಡಿದ ಆರ್‌ಟಿಎಕ್ಸ್ 4090ರ ಉದ್ದ 304, ಉಸಿರು ಬಿಗಿಹಿಡಿದು ತೂರಿಸಬೇಕು. ಬೇರೆ ಕಂಪನಿಗಳ ದೊಡ್ಡ 4090ಗಳು ಹೋಗುವುದೇ ಇಲ್ಲ. ಪ್ರೊಸೆಸರ್‌ಗೆ ಗಾಳಿಯ ಕೂಲರ್ ಆದರೆ ಎತ್ತರ ನೋಡಿ. ನೋಕ್ಟುವಾ ಎನ್‌ಎಚ್ ಡಿ15 ಕೂಲರ್ 165 ಮಿ.ಮೀ. ಎತ್ತರ ಇದೆ, ಕೂಲರ್‌ಗೆ 160 ಮಾತ್ರ ಜಾಗ ಇರುವ ಕ್ಯಾಬಿನೆಟ್‌ನಲ್ಲಿ ಹಾಕಿದರೆ ಪಕ್ಕದ ಬಾಗಿಲು ಮುಚ್ಚಲ್ಲ.

ಪರೀಕ್ಷೆಯ ವಿಡಿಯೋ, ಲೇಖನ ನೋಡುವಾಗ ಎರಡು ವಿಷಯ ಗಮನಿಸಿ. ಕೋಣೆಯ ಬಿಸಿ ಎಷ್ಟಿತ್ತು, ಫ್ಯಾನ್ ಸದ್ದು ಎಷ್ಟಿತ್ತು. 21 ಡಿಗ್ರಿ ಕೋಣೆಯಲ್ಲಿ ಕಾರ್ಡ್ 65 ಇತ್ತು ಅಂದರೆ ಕೋಣೆಗಿಂತ 44 ಡಿಗ್ರಿ ಮೇಲೆ. ನಿಮ್ಮ ಕೋಣೆ 32 ಇದ್ದರೆ ಅದೇ ಕ್ಯಾಬಿನೆಟ್, ಅದೇ ಕಾರ್ಡ್, ಅದೇ ಫ್ಯಾನ್ ವೇಗದಲ್ಲಿ 76ರ ಆಸುಪಾಸು ತೋರಿಸುತ್ತದೆ. ಕ್ಯಾಬಿನೆಟ್ ಕೆಟ್ಟಿದೆ ಅಂತಲ್ಲ. ಎಷ್ಟೇ ಒಳ್ಳೆಯ ಕ್ಯಾಬಿನೆಟ್ ಆದರೂ ಕೋಣೆಗಿಂತ ತಣ್ಣಗಿನ ಗಾಳಿಯನ್ನು ಎಲ್ಲಿಂದಲೂ ತರಲಾರದು. ಹಾಗೆಯೇ ಎಲ್ಲಾ ಕ್ಯಾಬಿನೆಟ್‌ಗಳನ್ನೂ ಒಂದೇ ಸದ್ದಿನ ಮಟ್ಟಕ್ಕೆ ತಂದು ಹೋಲಿಸಿದ ಪರೀಕ್ಷೆ ಸಿಕ್ಕರೆ ಅದನ್ನೇ ನಂಬಿ. ಫ್ಯಾನ್ ಜೋರು ಮಾಡಿ ಯಾರು ಬೇಕಾದರೂ ಐದು ಡಿಗ್ರಿ ಇಳಿಸಬಹುದು.

ಈಗಾಗಲೇ ಒಂದು ಕ್ಯಾಬಿನೆಟ್ ಇದೆ, ಅದು ಉಸಿರು ಕಟ್ಟಿಸುತ್ತಿದೆಯಾ ಅಂತ ತಿಳಿಯಬೇಕಾ? ಫ್ಯಾನ್ ವೇಗಗಳನ್ನು ಒಂದು ಮಟ್ಟಕ್ಕೆ ಕಟ್ಟಿಹಾಕಿ, ಎಲ್ಲಾ ಮುಚ್ಚಿದ ಸ್ಥಿತಿಯಲ್ಲಿ ಅರ್ಧ ಗಂಟೆ ಒಂದು ಭಾರದ ಗೇಮ್ ಆಡಿ ಕಾರ್ಡಿನ ಡಿಗ್ರಿ ಬರೆದುಕೊಳ್ಳಿ. ಆಮೇಲೆ ಮುಂದಿನ ಮುಖವನ್ನು ಮಾತ್ರ ಬಿಚ್ಚಿ, ಪಕ್ಕದ ಗಾಜು ಹಾಗೇ ಇರಲಿ, ಮತ್ತೆ ಅರ್ಧ ಗಂಟೆ. ವ್ಯತ್ಯಾಸ ಎರಡು ಮೂರು ಡಿಗ್ರಿ ಇದ್ದರೆ ಮುಖವನ್ನು ವಾಪಸ್ ಹಾಕಿ ನಿಶ್ಚಿಂತೆಯಿಂದ ಆಡಿ. ಎಂಟು ಹತ್ತು ಬಂದರೆ ಮೊದಲು ಫಿಲ್ಟರ್ ತೊಳೆದು ಒಣಗಿಸಿ ಮತ್ತೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ಹೊಸ ಫ್ಯಾನ್‌ಗೆ ಖರ್ಚು ಮಾಡಬೇಡಿ, ಆ ದುಡ್ಡನ್ನು ಜಾಲರಿ ಮುಖದ ಕ್ಯಾಬಿನೆಟ್‌ಗೆ ಎತ್ತಿಡಿ. ಅಲ್ಲಿಯವರೆಗೆ ಮುಂದಿನ ಮುಖ ಬಿಚ್ಚಿಟ್ಟೇ ಆಡಿ. ನಾನು ನಾಲ್ಕು ತಿಂಗಳು ಹಾಗೇ ಆಡಿದ್ದೆ. ವಾರಕ್ಕೊಮ್ಮೆ ಧೂಳು ಒರೆಸಬೇಕಾಗುತ್ತದೆ, ಅಷ್ಟೇ.